ಪಾನನಿಷೇಧದ ಚರಿತ್ರೆ: ಕಾರವಾರದಿಂದ ಶಿರಸಿಯವರೆಗೆ ಪದೇ ಪದೇ ಕೇಳಿದ ಪ್ರಶ್ನೆಗಳು

ಉತ್ತರ ಕನ್ನಡ ಜಿಲ್ಲೆಯ ಶಾಲೆ, ಸ್ವಸಹಾಯ ಸಂಘ, ವಾಚನಾಲಯಗಳಲ್ಲಿ ಪಾನನಿಷೇಧದ ಬಗ್ಗೆ ಮಾತನಾಡಿದಾಗ ಕೇಳಿಬಂದ ಪ್ರಶ್ನೆಗಳನ್ನೂ ಆಮೇಲೆ ಪತ್ರಗಳಲ್ಲಿ ಬಂದವುಗಳನ್ನೂ ಇಲ್ಲಿ ಒಟ್ಟುಮಾಡಿದ್ದೇನೆ. ಪ್ರಶ್ನೆಗಳ ಮಾತು ಕೇಳಿದವರದು, ಉತ್ತರದ ಹೊಣೆ ನನ್ನದು. ಸುಲಭವಾದವು ಮೊದಲು, ಜಗಳಕ್ಕೆ ಎಡೆಯಾಗುವಂಥವು ಕೊನೆಗೆ ಬರುತ್ತವೆ.

## ಮೊದಲಿಗೆ ಕೇಳುವವು

ಸಂಯಮ, ವರ್ಜನ, ನಿಷೇಧ ಎಲ್ಲ ಒಂದೇ ಅಲ್ಲವೇ?

ಅಲ್ಲ. ಮಿತಿಯಲ್ಲಿರುವುದು ಸಂಯಮ, ತಾನಾಗಿ ಪೂರ್ತಿ ಬಿಡುವುದು ವರ್ಜನ, ಯಾರೂ ಮಾಡಬಾರದು, ಮಾರಬಾರದು, ಇಟ್ಟುಕೊಳ್ಳಬಾರದು ಎಂದು ಸರ್ಕಾರ ಕಾನೂನು ಮಾಡುವುದು ನಿಷೇಧ. ಚರಿತ್ರೆಯಲ್ಲಿ ಚಳವಳಿ ಬೆಳೆದದ್ದೂ ಹೆಚ್ಚುಕಡಿಮೆ ಇದೇ ಕ್ರಮದಲ್ಲಿ. ಬೋಧನೆಯಿಂದ ಆರಂಭವಾಗಿ, ಪ್ರತಿಜ್ಞೆಗೆ ಬಂದು, ಅದೂ ಸಾಲದೆನಿಸಿದಾಗ ಶಾಸನಸಭೆಯ ಬಾಗಿಲು ತಟ್ಟಿತು. ಹಳೆಯ ಬರಹಗಳಲ್ಲಿ ಕಾಣುವ ‘ಪಾನನಿರೋಧ’ ಎಂಬ ಪದ ನಿಷೇಧಕ್ಕೇ ಸಲ್ಲುತ್ತದೆ. ಮುಂಬಯಿ ಸರ್ಕಾರದ ಕಾಲವನ್ನು ಕಂಡ ಹಿರಿಯರು ಅದನ್ನೇ ‘ದಾರೂಬಂದಿ’ ಎನ್ನುತ್ತಾರೆ.

ಕುಡಿತದ ವಿರುದ್ಧ ಚಳವಳಿ ಅಂತ ಮೊದಲು ಶುರುವಾದದ್ದು ಎಲ್ಲಿ?

ಕುಡಿತವನ್ನು ಖಂಡಿಸುವ ಮಾತು ಎಲ್ಲ ಧರ್ಮಗಳಲ್ಲೂ ಹಳೆಯದು. ಸದಸ್ಯತ್ವ, ವಂತಿಗೆ, ಕರಪತ್ರ, ಸಭೆಗಳಿರುವ ಸಂಘಟಿತ ಚಳವಳಿ ಮಾತ್ರ ಹತ್ತೊಂಬತ್ತನೆಯ ಶತಮಾನದ್ದು. ಅಮೆರಿಕದ ವೈದ್ಯ ಬೆಂಜಮಿನ್ ರಶ್ 1784ರಲ್ಲೇ ಬಟ್ಟಿ ಇಳಿಸಿದ ಮದ್ಯದಿಂದ ದೇಹಕ್ಕಾಗುವ ಹಾನಿಯ ಬಗ್ಗೆ ಬರೆದಿದ್ದರು. 1826ರಲ್ಲಿ ಬಾಸ್ಟನ್ನಿನಲ್ಲಿ ಅಮೆರಿಕನ್ ಟೆಂಪರೆನ್ಸ್ ಸೊಸೈಟಿ ಹುಟ್ಟಿತು. ಇಂಗ್ಲೆಂಡಿನ ಪ್ರೆಸ್ಟನ್ ಎಂಬ ಗಿರಣಿ ಊರಿನಲ್ಲಿ ಜೋಸೆಫ್ ಲೈವ್ಸಿ ಮತ್ತು ಸಂಗಡಿಗರು 1832ರಲ್ಲಿ ಬಿಯರನ್ನೂ ಸೇರಿಸಿ ಸಂಪೂರ್ಣ ವರ್ಜನೆಯ ಪ್ರತಿಜ್ಞೆಗೆ ಸಹಿ ಹಾಕಿದರು. ಅಲ್ಲಿಯವರೆಗಿನ ಹೆಚ್ಚಿನ ಸಂಘಗಳು ಬ್ರಾಂದಿ, ಜಿನ್ನುಗಳನ್ನು ಬಿಟ್ಟರೆ ಸಾಕು, ಬಿಯರ್ ಪರವಾಗಿಲ್ಲ ಎನ್ನುತ್ತಿದ್ದವು. ಹೆಂಗಸರು ದೊಡ್ಡ ಸಂಖ್ಯೆಯಲ್ಲಿ ಇದರೊಳಗೆ ಬಂದದ್ದು 1874ರಲ್ಲಿ ಅಮೆರಿಕದಲ್ಲಿ ಮಹಿಳಾ ಕ್ರೈಸ್ತ ಸಂಯಮ ಸಂಘ ಹುಟ್ಟಿದ ಮೇಲೆ. ಮತದಾನದ ಹಕ್ಕೇ ಇಲ್ಲದಿದ್ದ ಹೆಂಗಸರಿಗೆ ಸಾರ್ವಜನಿಕ ಜೀವನದ ಮೊದಲ ಪಾಠಶಾಲೆ ಅದೇ ಆಯಿತು.

ಅಮೆರಿಕದಂಥ ದೇಶದಲ್ಲೂ ಪಾನನಿಷೇಧ ಇತ್ತಂತೆ, ಹೌದಾ? ಮತ್ತೆ ಯಾಕೆ ತೆಗೆದರು?

ಇತ್ತು, 1920ರ ಜನವರಿ 17ರಿಂದ 1933ರ ಡಿಸೆಂಬರ್ 5ರವರೆಗೆ. ತಂದದ್ದು ಸಂವಿಧಾನದ ಹದಿನೆಂಟನೆಯ ತಿದ್ದುಪಡಿ, ತೆಗೆದದ್ದು ಇಪ್ಪತ್ತೊಂದನೆಯದು. ಕಳ್ಳಸಾಗಣೆದಾರರು ಮತ್ತು ಗುಂಡಿನ ಕಾಳಗಗಳ ಕಥೆ ಎಲ್ಲರಿಗೂ ಗೊತ್ತು. ಖಜಾನೆಯ ಕಥೆಯನ್ನು ಕೇಳುವವರು ಕಡಿಮೆ, ನನಗೆ ಮುಖ್ಯವೆನಿಸುವುದು ಅದೇ. 1913ಕ್ಕೆ ಮೊದಲು ಅಮೆರಿಕದ ಕೇಂದ್ರ ಸರ್ಕಾರದ ವರಮಾನದಲ್ಲಿ ಸುಮಾರು ಮೂರನೆಯ ಒಂದು ಭಾಗ ಮದ್ಯದ ಸುಂಕದಿಂದಲೇ ಬರುತ್ತಿತ್ತು, ಹಾಗಾಗಿ ನಿಷೇಧವನ್ನು ಯೋಚಿಸುವಂತೆಯೇ ಇರಲಿಲ್ಲ. ಆ ವರ್ಷ ಆದಾಯ ತೆರಿಗೆ ಹಾಕುವ ಅಧಿಕಾರ ಸಿಕ್ಕಿತು, ಏಳು ವರ್ಷಗಳಲ್ಲಿ ನಿಷೇಧ ಬಂತು. 1929ರ ಆರ್ಥಿಕ ಕುಸಿತದಲ್ಲಿ ಆದಾಯ ತೆರಿಗೆ ಬತ್ತಿತು, ನಾಲ್ಕು ವರ್ಷಗಳಲ್ಲಿ ನಿಷೇಧ ಹೋಯಿತು. ಕಾರಣ ಇದೊಂದೇ ಎಂದಲ್ಲ, ಆದರೆ ಬಾಗಿಲು ತೆರೆದು ಮುಚ್ಚಿದ್ದು ಈ ಕೀಲಿಯಿಂದ.

ಬೇರೆ ಯಾವ ದೇಶಗಳು ಪ್ರಯತ್ನಿಸಿದ್ದವು?

ಫಿನ್ಲೆಂಡ್ 1919ರಿಂದ 1932ರವರೆಗೆ, ಐಸ್‌ಲೆಂಡ್ 1915ರಿಂದ ನಿಷೇಧ ನಡೆಸಿದವು. ಐಸ್‌ಲೆಂಡ್ ಉಳಿದ ಮದ್ಯಗಳನ್ನು ಬಿಟ್ಟುಕೊಟ್ಟ ಮೇಲೂ ಕಡು ಬಿಯರಿನ ಮೇಲಿನ ನಿಷೇಧವನ್ನು 1989ರ ಮಾರ್ಚ್ 1ರವರೆಗೆ ಹಿಡಿದಿಟ್ಟುಕೊಂಡಿತ್ತು. ಸ್ವೀಡನ್ 1922ರ ಜನಮತಗಣನೆಯಲ್ಲಿ ನಿಷೇಧವನ್ನು ಅಲ್ಪ ಅಂತರದಿಂದ ತಿರಸ್ಕರಿಸಿ, ತಲೆಗಿಷ್ಟು ಎಂಬ ಪಡಿತರ ಪುಸ್ತಕದ ವ್ಯವಸ್ಥೆಯನ್ನು 1955ರವರೆಗೆ ನಡೆಸಿತು.

ನಮ್ಮ ಕಡೆ ಹಿಂದಿನವರು ಕುಡಿಯುತ್ತಲೇ ಇರಲಿಲ್ಲವಂತೆ, ಇಂಗ್ಲಿಷರು ಬಂದು ಕಲಿಸಿದರಂತೆ?

ಕೇಳಲು ಹಿತವಾದ ಮಾತು, ಆದರೆ ನಿಜವಲ್ಲ. ಕರಾವಳಿಯಲ್ಲಿ ತೆಂಗಿನ ಕಳ್ಳು, ಶಿರಸಿ–ಸಿದ್ದಾಪುರದ ಘಟ್ಟದಲ್ಲಿ ಬೈನೆ ಮರದ ಕಳ್ಳು ಬಹಳ ಹಳೆಯವು. ಬೈನೆಯನ್ನೇ ಕೆಲವು ಕಡೆ ಬಗನಿ ಎನ್ನುತ್ತಾರೆ. ಹಳೇಪೈಕರು, ಭಂಡಾರಿಗಳು ತಲೆಮಾರುಗಳ ಕಾಲ ಮರವೇರಿ ಕಳ್ಳು ಇಳಿಸಿದವರು. ಚಿಕ್ಕಂದಿನಲ್ಲಿ ಇದನ್ನು ಹತ್ತಿರದಿಂದ ನೋಡಿದ್ದೇನೆ. ಅರಳದ ತೆಂಗಿನ ಹೊಂಬಾಳೆಯನ್ನು ಹಗ್ಗದಿಂದ ಬಿಗಿದು, ದಿನವೂ ಮೆಲ್ಲಗೆ ಬಡಿದು ಹದಮಾಡಿ, ತುದಿಯನ್ನು ಎಲೆಯಷ್ಟು ತೆಳುವಾಗಿ ಸವರಿ, ಕೆಳಗೆ ಗಡಿಗೆ ಕಟ್ಟುತ್ತಿದ್ದರು. ಹನಿ ಬೀಳುವ ಸದ್ದು ಮರದ ಬುಡದಲ್ಲಿ ನಿಂತವರಿಗೆ ಕೇಳದಿದ್ದರೂ ಗಡಿಗೆಯ ಸುತ್ತ ಮುತ್ತಿದ ಜೇನ್ನೊಣಗಳ ಗುಂಯ್‌ಗುಡುವಿಕೆ ಕೇಳುತ್ತಿತ್ತು. ಗಡಿಗೆಯ ಒಳಮೈಗೆ ಸುಣ್ಣ ಸವರಿದ್ದರೆ ಬೆಳಿಗ್ಗೆ ಸಿಗುವುದು ಸಿಹಿ ನೀರಾ, ಸುಣ್ಣವಿಲ್ಲದಿದ್ದರೆ ಕೆಲವೇ ತಾಸುಗಳಲ್ಲಿ ಹುಳಿಯೇರಿ ಕಳ್ಳು. ಅದೇ ಕಳ್ಳು ಕ್ರೈಸ್ತರ ಮನೆಗಳಲ್ಲಿ ಸಾನ್ನಾ ಎಂಬ ಇಡ್ಲಿಯಂಥ ತಿಂಡಿ ಉಬ್ಬಲು ಬೇಕಾಗುತ್ತಿತ್ತು, ಇನ್ನಷ್ಟು ಹುಳಿ ಬಂದರೆ ವಿನೆಗರ್ ಆಗುತ್ತಿತ್ತು. ಬ್ರಿಟಿಷರು ಕುಡಿತವನ್ನು ತರಲಿಲ್ಲ, ಕುಡಿತದ ಲೆಕ್ಕಪುಸ್ತಕವನ್ನು ತಂದರು.

ಅಬಕಾರಿ ಅಂದರೆ ಏನು? ಆ ಪದ ಎಲ್ಲಿಂದ ಬಂತು?

ಪಾರಸಿ ಮೂಲದ ಪದ. ಮದ್ಯ ತಯಾರಿಸುವ, ಮಾರುವ ಕಸುಬನ್ನು ಮತ್ತು ಅದರ ಮೇಲಿನ ಸುಂಕವನ್ನು ಸೂಚಿಸುತ್ತದೆ. 1862ರಲ್ಲಿ ಉತ್ತರ ಕನ್ನಡ ಮದ್ರಾಸ್ ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿದ್ದರಿಂದ ನಮಗೆ ಅನ್ವಯಿಸಿದ್ದು 1878ರ ಮುಂಬಯಿ ಅಬಕಾರಿ ಕಾಯಿದೆ. ಅದರ ತಿರುಳು ಸರಳ. ಮನೆಯ ಹಿಂದೆ ಇಳಿಸುವುದು ಅಪರಾಧ, ಕಳ್ಳಿಳಿಸುವ ಮರಕ್ಕೆ ತೆರಿಗೆ, ಬಟ್ಟಿಗೆ ಸರ್ಕಾರದ ಪರವಾನಗಿ, ಮಾರುವ ಹಕ್ಕು ಹಣ ಕಟ್ಟಿ ಗುತ್ತಿಗೆ ಹಿಡಿದವನಿಗೆ. ಗುತ್ತಿಗೆಯ ಹಣ ವಾಪಸು ಬರಬೇಕಾದರೆ ಹೆಚ್ಚು ಮಾರಬೇಕು. ಊರಿನ ಕಸುಬಾಗಿದ್ದದ್ದು ಹೀಗೆ ವ್ಯಾಪಾರವಾಯಿತು, ಮರವೇರುವವನು ಕೂಲಿಯಾದನು, ಗಡಂಗಿನ ಒಡೆಯ ಊರಿನ ಸಾಹುಕಾರನಾದನು. ಮುಂದಿನ ನೂರು ವರ್ಷಗಳ ಹೋರಾಟಗಳಲ್ಲಿ ಸಿಟ್ಟು ಕುಡುಕನಿಗಿಂತ ಗುತ್ತಿಗೆದಾರನ ಮೇಲೆ ಹೆಚ್ಚಾಗಿ ತಿರುಗಿದ್ದಕ್ಕೆ ಮೂಲ ಇಲ್ಲಿದೆ.

## ಸ್ವಾತಂತ್ರ್ಯ ಹೋರಾಟದ ಕಾಲದವು

ಗಾಂಧೀಜಿಗಿಂತ ಮೊದಲು ನಮ್ಮ ದೇಶದಲ್ಲಿ ಯಾರೂ ಈ ಬಗ್ಗೆ ಮಾತಾಡಿರಲಿಲ್ಲವೇ?

ಮಾತಾಡಿದ್ದರು. ಬಂಗಾಳದಲ್ಲಿ ಕೇಶವಚಂದ್ರ ಸೇನರು 1870ರ ದಶಕದಲ್ಲೇ ಎಳೆಯರ ಸಂಯಮ ಸಂಘಗಳನ್ನು ಕಟ್ಟಿದ್ದರು. ಬ್ರಿಟಿಷ್ ಸಂಸದ ಡಬ್ಲ್ಯು. ಎಸ್. ಕೇನ್ ಮೊದಲಾದವರ ಆಂಗ್ಲೋ–ಇಂಡಿಯನ್ ಟೆಂಪರೆನ್ಸ್ ಅಸೋಸಿಯೇಷನ್ ಅಬಕಾರಿ ನೀತಿಯನ್ನು ಲಂಡನ್ನಿನಲ್ಲೇ ಪ್ರಶ್ನಿಸುತ್ತಿತ್ತು. ನಮ್ಮ ಪ್ರಾಂತದಲ್ಲಿ ಗಮನಿಸಬೇಕಾದದ್ದು ಪುಣೆಯ ಘಟನೆ. 1908ರಲ್ಲಿ ಟಿಳಕರ ಬೆಂಬಲದಿಂದ ಸ್ವಯಂಸೇವಕರು ಮದ್ಯದಂಗಡಿಗಳ ಮುಂದೆ ನಿಂತು ಬಂದವರಿಗೆ ಕೈಮುಗಿಯುವ ಕ್ರಮವನ್ನು ಆರಂಭಿಸಿದರು. ಧರಣಿಯ ರಾಜಕೀಯ ಅರ್ಥವನ್ನು ಸರ್ಕಾರ ಕೂಡಲೇ ಗುರುತಿಸಿತು.

ಗಾಂಧೀಜಿ ಉಪ್ಪಿನ ಜೊತೆಗೆ ಹೆಂಡದಂಗಡಿಯನ್ನೂ ಯಾಕೆ ಹಿಡಿದರು?

ಎರಡೂ ಬಡವನ ಕಿಸೆಯಿಂದ ಸರ್ಕಾರಕ್ಕೆ ಹೋಗುವ ಹಣದ ದಾರಿಗಳಾಗಿದ್ದವು. 1930ರ ಜನವರಿಯಲ್ಲಿ ವೈಸ್‌ರಾಯ್ ಇರ್ವಿನ್ ಅವರ ಮುಂದೆ ಇಟ್ಟ ಹನ್ನೊಂದು ಬೇಡಿಕೆಗಳಲ್ಲಿ ಮೊದಲನೆಯದೇ ಸಂಪೂರ್ಣ ಪಾನನಿಷೇಧ, ಉಪ್ಪಿನ ತೆರಿಗೆ ಅದರ ನಂತರ ಬರುತ್ತದೆ. ದಂಡಿಯಲ್ಲಿ ಉಪ್ಪು ಹಿಡಿದ ಕೆಲವೇ ದಿನಗಳಲ್ಲಿ ಅವರು ದೇಶದ ಹೆಂಗಸರಿಗೆ ಮನವಿ ಬರೆದು, ಮದ್ಯದಂಗಡಿ ಮತ್ತು ವಿದೇಶಿ ಬಟ್ಟೆಯಂಗಡಿಗಳ ಮುಂದಿನ ಧರಣಿಯನ್ನು ಅವರಿಗೇ ಒಪ್ಪಿಸಿದರು. ಅದೇ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತೆಂಬುದನ್ನು ಇಲ್ಲಿಯವರಿಗೆ ನೆನಪಿಸಬೇಕಾಗಿಲ್ಲ. 1931ರ ಮಾರ್ಚ್‌ನ ಗಾಂಧಿ–ಇರ್ವಿನ್ ಒಪ್ಪಂದದಲ್ಲಿ ಶಾಂತಿಯುತ ಧರಣಿಗೆ ಸರ್ಕಾರ ಒಪ್ಪಿಗೆ ಕೊಡಬೇಕಾಯಿತು. ತನ್ನನ್ನು ಒಂದು ತಾಸಿನ ಮಟ್ಟಿಗೆ ಸರ್ವಾಧಿಕಾರಿಯಾಗಿ ಮಾಡಿದರೆ ಮೊದಲು ಎಲ್ಲ ಮದ್ಯದಂಗಡಿಗಳನ್ನು ಪರಿಹಾರ ಕೊಡದೆ ಮುಚ್ಚಿಸುತ್ತೇನೆ ಎಂಬ ಅರ್ಥದ ಅವರ ಮಾತೂ ಅದೇ ವರ್ಷದ್ದು. ಸರ್ವಾಧಿಕಾರವನ್ನು ಒಪ್ಪದ ಮನುಷ್ಯ ಈ ಒಂದು ವಿಷಯಕ್ಕೆ ಅದನ್ನು ಊಹೆಯಲ್ಲಾದರೂ ಬಯಸಿದರೆಂಬುದು ಯೋಚಿಸುವಂಥದ್ದು.

ಈಚಲು ಮರಗಳನ್ನೇ ಕಡಿದು ಹಾಕಿದರಂತೆ, ಅದು ನಿಜವೇ?

ನಿಜ. 1921ರಲ್ಲಿ, ಆಗ ಕಾಂಗ್ರೆಸ್ಸಿನಲ್ಲಿದ್ದ ಪೆರಿಯಾರ್ ರಾಮಸ್ವಾಮಿಯವರು ತಮ್ಮ ತೋಟದ 500 ತೆಂಗಿನ ಮರಗಳನ್ನು ಕಡಿಸಿದರು. ಮೈಸೂರು ಸಂಸ್ಥಾನದಲ್ಲಿ 1939ರ ತುರುವನೂರು ಸತ್ಯಾಗ್ರಹ ಈಚಲು ಮರ ಕಡಿಯುವುದರಿಂದಲೇ ಹೆಸರಾಯಿತು, ಎಸ್. ನಿಜಲಿಂಗಪ್ಪನವರು ಅದರ ಮುಂಚೂಣಿಯಲ್ಲಿದ್ದರು. ಸರ್ಕಾರದ ಲೆಕ್ಕದಲ್ಲಿ ಮರವೊಂದು ವರಮಾನದ ಬಾಬತ್ತಾಗಿದ್ದರಿಂದ ಅದನ್ನು ಕಡಿಯುವುದು ತೆರಿಗೆ ನಿರಾಕರಣೆಗೆ ಸಮನಾಗಿತ್ತು. ಆದರೆ ತೆಂಗಿನ ನಾಡಿನಲ್ಲಿ ಹುಟ್ಟಿದ ನನಗೆ ಫಲ ಕೊಡುವ ಮರದ ಬುಡಕ್ಕೆ ಕೊಡಲಿ ಹಾಕುವುದು ಇವತ್ತಿಗೂ ಒಪ್ಪಿಗೆಯಾಗುವುದಿಲ್ಲ. ಕಳ್ಳು ಇಳಿಸದಿದ್ದರೆ ಅದೇ ಮರ ಕಾಯಿ ಕೊಡುತ್ತದೆ.

ಕಳ್ಳು ಇಳಿಸುವವರೇ ಕಸುಬು ಬಿಟ್ಟರು ಅಂತಾರೆ, ಅವರ ಹೊಟ್ಟೆಪಾಡು?

ಇದು ಚಳವಳಿಯ ಚರಿತ್ರೆಕಾರರು ಬೇಗ ದಾಟಿಹೋಗುವ ಜಾಗ. ಕೇರಳದಲ್ಲಿ ನಾರಾಯಣ ಗುರುಗಳು ಮದ್ಯ ವಿಷವೆಂದೂ ಅದನ್ನು ಮಾಡಬಾರದು, ಕೊಡಬಾರದು, ಕುಡಿಯಬಾರದೆಂದೂ ತಮ್ಮ ಸಮುದಾಯಕ್ಕೆ ಹೇಳಿದರು. ಮಂಗಳೂರಿನ ಕುದ್ರೋಳಿ ದೇವಸ್ಥಾನ 1912ರಲ್ಲಿ ಅವರ ಕೈಯಿಂದ ಪ್ರತಿಷ್ಠೆಯಾದ ಮೇಲೆ ಆ ಮಾತು ಕರಾವಳಿಯುದ್ದಕ್ಕೂ ಬಂತು. ಇಲ್ಲಿ ನಿಷೇಧವೆಂದರೆ ಮೇಲಿನವರು ಕೆಳಗಿನವರಿಗೆ ಹೇಳುವ ಬುದ್ಧಿಮಾತಲ್ಲ, ಜಾತಿಗೆ ಅಂಟಿಸಿದ ಕಸುಬನ್ನು ಆ ಜಾತಿಯವರೇ ಕಳಚಿಡುವ ಸ್ವಾಭಿಮಾನದ ಕೆಲಸ. ಆದರೆ ಜಮೀನಿಲ್ಲದವನಿಗೆ ಮರವೇ ಜಮೀನು. ಕಸುಬು ಬಿಟ್ಟವರಲ್ಲಿ ಗೇಣಿಗೆ ಗದ್ದೆ ಸಿಕ್ಕವರು ನಿಂತರು, ಸಿಗದವರು ಕೂಲಿಗೆ ಹೋದರು. ಮೇಲಿನಿಂದ ಬಂದ ಕಾನೂನುಗಳಲ್ಲಿ ಗುತ್ತಿಗೆದಾರನ ನಷ್ಟದ ಬಗ್ಗೆ ನಡೆದಷ್ಟು ಚರ್ಚೆ ಮರವೇರುವವನ ಬಗ್ಗೆ ನಡೆಯಲಿಲ್ಲ.

1937ರ ಕಾಂಗ್ರೆಸ್ ಸರ್ಕಾರಗಳು ಏನು ಮಾಡಿದವು?

ಮದ್ರಾಸಿನಲ್ಲಿ ರಾಜಾಜಿಯವರು 1937ರ ಅಕ್ಟೋಬರ್ 1ರಿಂದ ಸೇಲಂ ಜಿಲ್ಲೆಯಲ್ಲಿ ನಿಷೇಧ ಜಾರಿಗೆ ತಂದು, ಇಲ್ಲವಾದ ವರಮಾನವನ್ನು ತುಂಬಿಸಲು 1939ರಲ್ಲಿ ಮಾರಾಟ ತೆರಿಗೆ ಹಾಕಿದರು. ಇವತ್ತು ಅಂಗಡಿಯ ಬಿಲ್ಲಿನ ಕೆಳಗೆ ಕಾಣುವ ತೆರಿಗೆಯ ಸಾಲಿಗೆ ಪೂರ್ವಜ ಅದೇ. ಮದ್ಯ ಮರಳಿ ಬಂದ ಮೇಲೂ ಆ ತೆರಿಗೆ ಹೋಗಲಿಲ್ಲ, ಎರಡೂ ಉಳಿದವು. ಮುಂಬಯಿಯಲ್ಲಿ ಬಿ. ಜಿ. ಖೇರ್ ಸರ್ಕಾರ 1939ರ ಆಗಸ್ಟ್ 1ರಿಂದ ಮುಂಬಯಿ ನಗರವನ್ನೇ ಒಣಗಿಸಲು, ಎಂದರೆ ಮದ್ಯವಿಲ್ಲದಂತೆ ಮಾಡಲು, ಹೊರಟಿತು. ಮೂರೇ ತಿಂಗಳಲ್ಲಿ ಯುದ್ಧದ ಪ್ರಶ್ನೆಯ ಮೇಲೆ ಮಂತ್ರಿಮಂಡಲ ರಾಜೀನಾಮೆ ಕೊಟ್ಟಿತು.

## ಕಾರವಾರ ಒಣಗಿದ್ದ ಕಾಲ

ಕಾರವಾರದಲ್ಲೇ ಪೂರ್ತಿ ದಾರೂಬಂದಿ ಇತ್ತು ಅಂತ ಅಜ್ಜ ಹೇಳ್ತಿದ್ದರು, ಯಾವಾಗ?

ಅಜ್ಜ ಹೇಳಿದ್ದು ಸರಿ. 1949ರ ಮುಂಬಯಿ ಪಾನನಿಷೇಧ ಕಾಯಿದೆಯ ಪ್ರಕಾರ 1950ರ ಏಪ್ರಿಲ್ 6ರಿಂದ ಇಡೀ ಮುಂಬಯಿ ರಾಜ್ಯದಲ್ಲಿ, ಎಂದರೆ ಕಾರವಾರ, ಧಾರವಾಡ, ಬೆಳಗಾವಿ, ವಿಜಾಪುರ ಜಿಲ್ಲೆಗಳಲ್ಲೂ, ಸಂಪೂರ್ಣ ನಿಷೇಧ ಬಂತು. ಗಾಂಧೀಜಿ ದಂಡಿಯಲ್ಲಿ ಉಪ್ಪು ಹಿಡಿದ ದಿನವೂ ಏಪ್ರಿಲ್ 6. ಗೃಹಮಂತ್ರಿ ಮೊರಾರ್ಜಿ ದೇಸಾಯಿ ಇದರ ಹಿಂದಿನ ದೊಡ್ಡ ಶಕ್ತಿ. ಮದ್ರಾಸ್ ಪ್ರಾಂತದಲ್ಲಿದ್ದ ದಕ್ಷಿಣ ಕನ್ನಡ 1948ರ ಅಕ್ಟೋಬರ್ 2ರ ಹೊತ್ತಿಗೇ ಒಣಗಿತ್ತು. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದಾಗ ಒಂದೇ ರಾಜ್ಯದೊಳಗೆ ಕೆಲವು ಜಿಲ್ಲೆಗಳು ಒಣಗಿದ್ದವು, ಕೆಲವು ಒದ್ದೆಯಾಗಿದ್ದವು. ಈ ಅಡ್ಡಾದಿಡ್ಡಿಯನ್ನು ಸರಿಪಡಿಸಲು 1961ರ ಮೈಸೂರು ಪಾನನಿಷೇಧ ಕಾಯಿದೆ ಬಂತು.

ಆಗ ಯಾರಿಗೂ ಒಂದು ಹನಿಯೂ ಸಿಗುತ್ತಿರಲಿಲ್ಲವೇ?

ಕಾಗದ ಇದ್ದವರಿಗೆ ಸಿಗುತ್ತಿತ್ತು. ನನ್ನ ಸೋದರಮಾವನವರು ತೀರಿಕೊಂಡ ಮೇಲೆ ಅವರ ತಗಡಿನ ಟ್ರಂಕನ್ನು ತೆರೆದಾಗ ಜಮೀನಿನ ಪಹಣಿಗಳ ನಡುವೆ ಒಂದು ಸಣ್ಣ ಪರ್ಮಿಟ್ ಪುಸ್ತಕ ಸಿಕ್ಕಿತು. ಮೂಲೆಗಳನ್ನು ಗೆದ್ದಲು ತಿಂದಿತ್ತು, ಒಳಗೆ ನೀಲಿ ಶಾಯಿಯಲ್ಲಿ ತಿಂಗಳು ತಿಂಗಳ ಖರೀದಿಯ ಲೆಕ್ಕವಿತ್ತು. ವೈದ್ಯರ ಪ್ರಮಾಣಪತ್ರ ಕೊಟ್ಟು, ಆರೋಗ್ಯದ ಕಾರಣಕ್ಕೆ ಮದ್ಯ ಬೇಕೆಂದು ಬರೆದುಕೊಟ್ಟವರಿಗೆ ಇಂಥ ಪರ್ಮಿಟ್ ಸಿಗುತ್ತಿತ್ತು. ಮಾವನಿಗೆ ಯಾವ ಕಾಯಿಲೆಯಿತ್ತು ಎಂದು ಕೇಳಿದರೆ ನಮ್ಮ ಅತ್ತೆ ಈಗಲೂ ನಗುತ್ತಾರೆ. ಇಂಗ್ಲಿಷ್ ಓದಿದ, ವೈದ್ಯರ ಪರಿಚಯವಿದ್ದ ಮನುಷ್ಯನಿಗೆ ಕಾನೂನು ಒಂದು ಅರ್ಜಿ ನಮೂನೆಯಾಗಿತ್ತು, ಬಂದರಿನಲ್ಲಿ ಮೂಟೆ ಹೊರುವವನಿಗೆ ಅದೇ ಕಾನೂನು ಪೋಲೀಸ್ ಠಾಣೆಯಾಗಿತ್ತು.

ಕಾಯಿದೆಯ ವಿರುದ್ಧದ ದೊಡ್ಡ ಮೊಕದ್ದಮೆಯೆಂದರೆ ಮುಂಬಯಿ ರಾಜ್ಯ ಮತ್ತು ಎಫ್. ಎನ್. ಬಲ್ಸಾರಾ ನಡುವಿನದು. 1951ರಲ್ಲಿ ಸುಪ್ರೀಂ ಕೋರ್ಟು ಕಾಯಿದೆಯ ಬಹುಭಾಗವನ್ನು ಎತ್ತಿಹಿಡಿದು, ಮದ್ಯಸಾರ ಬೆರೆತ ಔಷಧಿ ಮತ್ತು ಪ್ರಸಾಧನ ಸಾಮಗ್ರಿಗಳಿಗೆ ನಿಷೇಧ ಅನ್ವಯಿಸುವ ಭಾಗಗಳನ್ನು ತಳ್ಳಿಹಾಕಿತು.

ಗೋವಾ ಪಕ್ಕದಲ್ಲೇ ಇತ್ತಲ್ಲ, ಹಾಗಾದರೆ ಬಂದಿ ಹೇಗೆ ನಡೆಯಿತು?

ಅರೆಬರೆಯಾಗಿ ನಡೆಯಿತು. 1961ರ ಡಿಸೆಂಬರ್ 19ರವರೆಗೆ ಗೋವಾ ಪೋರ್ಚುಗೀಸರ ಕೈಯಲ್ಲಿತ್ತು, ಅಲ್ಲಿ ನಿಷೇಧದ ಮಾತೇ ಇರಲಿಲ್ಲ. ಮಾಜಾಳಿಯ ಆಚೆ ಪೊಳೆಂ, ಅದರಾಚೆ ಕಾಣಕೋಣ. ಎರಡೂ ಕಡೆ ಕೊಂಕಣಿ, ಎರಡೂ ಕಡೆ ನೆಂಟರು. ಅಮೆರಿಕದ ನಿಷೇಧಕ್ಕೆ ಕೆನಡಾ ಹೇಗೋ ಕಾರವಾರದ ನಿಷೇಧಕ್ಕೆ ಗೋವಾ ಹಾಗೆ. ಕಾಳಿ ನದಿಗೆ ಸೇತುವೆ ಬರುವ ಮೊದಲು ಸದಾಶಿವಗಡದಿಂದ ಕೋಡಿಬಾಗಕ್ಕೆ ತಾರಿಯಲ್ಲಿ ದಾಟಬೇಕಿತ್ತು. ತಾರಿ ನಡೆಸುತ್ತಿದ್ದ ಹಿರಿಯರೊಬ್ಬರು ನನಗೆ ಹೇಳಿದ್ದು ಹೀಗೆ: ಬಂಗಡೆ ಬುಟ್ಟಿಯ ತಳದಲ್ಲಿ ಬಾಟಲಿ, ಮೇಲೆ ಮೀನು, ಅದರ ಮೇಲೆ ಉಪ್ಪು, ಬೇಸಿಗೆಯಾದರೆ ಯಾವ ಪೋಲೀಸನೂ ಕೈ ಹಾಕುತ್ತಿರಲಿಲ್ಲ. ಬರುತ್ತಿದ್ದದ್ದು ಹೆಚ್ಚಾಗಿ ಗೇರುಹಣ್ಣಿನ ಸೊರೊ, ಎಂದರೆ ಮದ್ಯ. ಹಣ್ಣಿನ ರಸವನ್ನು ಹುಳಿಯಿಸಿ ಒಮ್ಮೆ ಇಳಿಸಿದರೆ ಉರಾಕ್, ಮತ್ತೊಮ್ಮೆ ಇಳಿಸಿದರೆ ಫೆನಿ. ಗೋವಾದ ಗೇರು ಫೆನಿಗೆ 2009ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿದೆ. ಅದೇ ಗೇರು ಮರ ನಮ್ಮ ಗುಡ್ಡದಲ್ಲೂ ಇದೆ, ಇಲ್ಲಿ ಇಳಿಸಿದರೆ ಮಾತ್ರ ಅದರ ಹೆಸರು ಕಳ್ಳಬಟ್ಟಿ.

ಅಷ್ಟು ಕಷ್ಟಪಟ್ಟು ತಂದದ್ದನ್ನು ಯಾಕೆ ತೆಗೆದರು?

ಮೈಸೂರು ರಾಜ್ಯ 1967ರಲ್ಲಿ ನಿಷೇಧವನ್ನು ಕೈಬಿಟ್ಟಿತು. 1965ರಲ್ಲಿ ರಚಿಸಿದ ಅಬಕಾರಿ ಕಾಯಿದೆ ಆಗ ಬಳಕೆಗೆ ಬಂತು, ಇವತ್ತಿಗೂ ನಮ್ಮನ್ನು ಆಳುತ್ತಿರುವುದು ಅದೇ. ಕಳ್ಳಬಟ್ಟಿಯನ್ನು ತಡೆಯಲಾಗುತ್ತಿಲ್ಲ ಎಂಬ ವಾದವೂ, ಖಜಾನೆಗೆ ಹಣ ಬೇಕೆಂಬ ವಾದವೂ ಇದ್ದವು. ಎರಡನೆಯದು ತೂಕದ್ದಾಗಿತ್ತೆಂದು ನನ್ನ ಅಭಿಪ್ರಾಯ. ಮಹಾರಾಷ್ಟ್ರ 1960ರ ದಶಕದಿಂದಲೇ ಸಡಿಲಿಸಿತು, ತಮಿಳುನಾಡು 1971ರಲ್ಲಿ ತೆಗೆದು 1974ರಲ್ಲಿ ಮತ್ತೆ ಹಾಕಿತು. ಹಳೆಯ ಮುಂಬಯಿ ಕಾಯಿದೆಯನ್ನು 1960ರಿಂದ ಬಿಡದೆ ಹಿಡಿದುಕೊಂಡಿರುವುದು ಗುಜರಾತ್.

## ಸಾರಾಯಿ, ಹೆಂಗಸರು, ಗುತ್ತಿಗೆ

ಸಾರಾಯಿ ನಿಂತದ್ದು ಯಾವಾಗ? ಬ್ರಾಂದಿ ಅಂಗಡಿ ಮಾತ್ರ ಯಾಕೆ ಉಳಿಯಿತು?

2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು, ಆಗ ಎಚ್. ಡಿ. ಕುಮಾರಸ್ವಾಮಿಯವರು ಮುಖ್ಯಮಂತ್ರಿ. ಅದಕ್ಕೆ ಮೊದಲಿನ ನಾಲ್ಕು ದಶಕಗಳಲ್ಲಿ ತಾಲೂಕು ತಾಲೂಕಿನ ಸಾರಾಯಿ ಮಾರಾಟದ ಹಕ್ಕು ಹರಾಜಾಗುತ್ತಿತ್ತು. ಪ್ಲಾಸ್ಟಿಕ್ ಪಾಕೀಟಿಗೆ ಬಂದ ಮೇಲೆ ಅದು ಗಡಂಗಿನಿಂದ ಹೊರಟು ಕಿರಾಣಿ ಅಂಗಡಿಗೂ ಕಟ್ಟಡ ಕೆಲಸದ ಜಾಗಕ್ಕೂ ತಲುಪಿತು. ಮಳೆಗಾಲದಲ್ಲಿ ಗದ್ದೆಯ ಬದುವಿನ ಮೇಲೆ ಹರಿದ ಪಾಕೀಟುಗಳು ಏಡಿಯ ಬಿಲದ ಬಾಯಿಗೆ ಸಿಕ್ಕಿಕೊಂಡಿರುತ್ತಿದ್ದದ್ದು ನನಗೆ ನೆನಪಿದೆ.

ಈ ವ್ಯಾಪಾರದ ರಾಜಕೀಯ ಬಲ ಎಷ್ಟೆಂಬುದಕ್ಕೆ ನಮ್ಮ ಜಿಲ್ಲೆಯವರೇ ಸಾಕ್ಷಿ. ಸಿದ್ದಾಪುರ ತಾಲೂಕಿನ ದೊಡ್ಮನೆಯ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿಯಾಗಿದ್ದಾಗ, ಸಾರಾಯಿ ಬಾಟ್ಲಿಂಗ್ ಗುತ್ತಿಗೆಯ ವಿಷಯದಲ್ಲಿ ಹೈಕೋರ್ಟ್ ಸರ್ಕಾರವನ್ನು ಟೀಕಿಸಿದ್ದರಿಂದ 1986ರ ಫೆಬ್ರವರಿಯಲ್ಲಿ ರಾಜೀನಾಮೆ ಕೊಟ್ಟು, ಮೂರು ದಿನಗಳಲ್ಲಿ ಅದನ್ನು ಹಿಂತೆಗೆದುಕೊಂಡರು.

ಬ್ರಾಂದಿ ಯಾಕೆ ಉಳಿಯಿತೆಂದರೆ, ಅದರ ಸುಂಕ ಸುಲಭವಾಗಿ ಎಣಿಕೆಗೆ ಸಿಗುತ್ತದೆ. 2003ರಿಂದ ರಾಜ್ಯ ಪಾನೀಯ ನಿಗಮವೇ ಸಗಟು ಮಾರಾಟ ಮಾಡುತ್ತಿದೆ. ಸಾರಾಯಿ ಕುಡಿಯುತ್ತಿದ್ದವರು ಬಿಟ್ಟರೆಂದು ಯಾರೂ ಹೇಳುವುದಿಲ್ಲ. ಅವರು ಕಡಿಮೆ ಬೆಲೆಯ ವಿಸ್ಕಿಗೆ ಬದಲಾದರು, ಕೂಲಿಯಲ್ಲಿ ಮದ್ಯಕ್ಕೆ ಹೋಗುವ ಪಾಲು ಹೆಚ್ಚಿತು.

ಸುಕ್ರಜ್ಜಿ ಹಾಡುಗಾರ್ತಿ ಅಲ್ಲವೇ? ಸಾರಾಯಿಗೂ ಅವರಿಗೂ ಏನು ಸಂಬಂಧ?

ಅಂಕೋಲೆಯ ಬಡಗೇರಿಯ ಸುಕ್ರಿ ಬೊಮ್ಮಗೌಡರನ್ನು ದೇಶ ತಿಳಿದದ್ದು ಹಾಲಕ್ಕಿ ಒಕ್ಕಲಿಗರ ಹಾಡುಗಳ ಭಂಡಾರವೆಂದು, 2017ರಲ್ಲಿ ಪದ್ಮಶ್ರೀ ಬಂದದ್ದೂ ಅದಕ್ಕೇ. ತಮ್ಮ ಮನೆಯೊಳಗೇ ಕುಡಿತದ ಹಾನಿಯನ್ನು ಕಂಡ ಅವರು ಊರಿನ ಹೆಂಗಸರನ್ನು ಕಟ್ಟಿಕೊಂಡು ಸಾರಾಯಿಯ ವಿರುದ್ಧ ನಿಂತದ್ದು ಇಲ್ಲಿಯವರಿಗೆ ಅಷ್ಟೇ ಮುಖ್ಯ. 2025ರ ಫೆಬ್ರವರಿಯಲ್ಲಿ ಅವರು ತೀರಿಕೊಂಡಾಗ ಬಂದ ಬರಹಗಳಲ್ಲಿ ಹಾಡು ಮೊದಲ ಸಾಲಿನಲ್ಲಿತ್ತು, ಹೋರಾಟ ಕೊನೆಯ ಸಾಲಿಗೆ ಸರಿದಿತ್ತು. ಅವರ ಬದುಕಿನಲ್ಲಿ ಎರಡೂ ಬೇರೆಯಾಗಿರಲಿಲ್ಲ ಎಂದು ನನ್ನ ತಿಳಿವಳಿಕೆ. ಹಾಡಲು ಸೇರಿದ ಹೆಂಗಸರೇ ಅಂಗಡಿಯ ಮುಂದೆ ನಿಲ್ಲಲೂ ಸೇರಿದರು.

ಯಾವಾಗಲೂ ಹೆಂಗಸರೇ ಯಾಕೆ ಮುಂದೆ ಬರುತ್ತಾರೆ?

ಕೂಲಿಯ ಹಣ ಮನೆಗೆ ಬರುವ ಮೊದಲೇ ಅಂಗಡಿಯಲ್ಲಿ ನಿಲ್ಲುವುದನ್ನು ಕಾಣುವವರು ಅವರು. ಆಂಧ್ರದ ನೆಲ್ಲೂರು ಜಿಲ್ಲೆಯ ದೂಬಗುಂಟದಲ್ಲಿ 1992ರಲ್ಲಿ ಸಾಕ್ಷರತಾ ತರಗತಿಗೆ ಸೇರಿದ್ದ ಹೆಂಗಸರು ಸಾರಾಯಿ ಅಂಗಡಿಯನ್ನು ಮುಚ್ಚಿಸಿದರು. ಅದು ಹಬ್ಬಿ 1993ರ ಅಕ್ಟೋಬರಿನಲ್ಲಿ ಸಾರಾಯಿ ನಿಷೇಧಕ್ಕೂ, 1995ರ ಜನವರಿಯಲ್ಲಿ ಎನ್. ಟಿ. ರಾಮರಾಯರ ಸಂಪೂರ್ಣ ನಿಷೇಧಕ್ಕೂ ದಾರಿಯಾಯಿತು. ಎರಡೇ ವರ್ಷಗಳಲ್ಲಿ, 1997ರಲ್ಲಿ, ಅದು ಹೋಯಿತು. ನಮ್ಮ ರಾಜ್ಯದಲ್ಲಿ 2019ರ ಜನವರಿ 19ರಂದು ಚಿತ್ರದುರ್ಗದಿಂದ ಹೊರಟ ಸಾವಿರಾರು ಹೆಂಗಸರು ಹನ್ನೆರಡು ದಿನ ನಡೆದು, ಗಾಂಧೀಜಿ ತೀರಿಕೊಂಡ ದಿನವಾದ ಜನವರಿ 30ರಂದು ಬೆಂಗಳೂರು ತಲುಪಿದರು. ಅವರ ಬೇಡಿಕೆಯಾದ ಮದ್ಯನಿಷೇಧ ಬರಲಿಲ್ಲ.

ಗೋವಾದಿಂದ ಬರುವಾಗ ಒಂದು ಬಾಟಲಿ ತಂದರೆ ಏನು ತಪ್ಪು? ಅಲ್ಲಿ ತೆರಿಗೆ ಕಟ್ಟಿಯೇ ತಂದದ್ದಲ್ಲವೇ?

ಕಟ್ಟಿದ್ದು ಗೋವಾಕ್ಕೆ, ಕರ್ನಾಟಕಕ್ಕಲ್ಲ. ಪ್ರತಿ ರಾಜ್ಯದ ಅಬಕಾರಿ ಸುಂಕ ಬೇರೆಯಾದ್ದರಿಂದ ಗಡಿ ದಾಟಿದ ಬಾಟಲಿ ಇಲ್ಲಿಯ ಕಾನೂನಿನ ಕಣ್ಣಿನಲ್ಲಿ ಸುಂಕ ಕಟ್ಟದ ಮದ್ಯ. ಮಾಜಾಳಿಯ ತಪಾಸಣಾ ಠಾಣೆಯಲ್ಲಿ ವಾಹನಗಳನ್ನು ನಿಲ್ಲಿಸುವುದು ಅದಕ್ಕೇ. ಮೊದಲು ನಿಷೇಧದಿಂದ ಹುಟ್ಟಿದ ಕಳ್ಳಸಾಗಣೆ ಈಗ ಬೆಲೆಯ ವ್ಯತ್ಯಾಸದಿಂದ ಬದುಕಿದೆ.

## ಸ್ವಲ್ಪ ಕಷ್ಟದವು

ನಿಷೇಧ ಮಾಡಿದರೆ ಕಳ್ಳಬಟ್ಟಿ ಕುಡಿದು ಜನ ಸಾಯುತ್ತಾರೆ ಅಂತಾರಲ್ಲ?

ಅರ್ಧ ಸತ್ಯ. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ವಿಷಮದ್ಯಕ್ಕೆ ಮುನ್ನೂರಕ್ಕೂ ಹೆಚ್ಚು ಮಂದಿ ಸತ್ತಾಗ ರಾಜ್ಯದಲ್ಲಿ ಸಾರಾಯಿ ಕಾನೂನುಬದ್ಧವಾಗಿತ್ತು. 2008ರ ಮೇ ತಿಂಗಳಲ್ಲಿ ಕರ್ನಾಟಕ–ತಮಿಳುನಾಡು ಗಡಿಯ ಎರಡೂ ಬದಿಗಳಲ್ಲಿ ನೂರೈವತ್ತಕ್ಕೂ ಹೆಚ್ಚು ಜನ ಸತ್ತದ್ದು ಸಾರಾಯಿ ನಿಷೇಧವಾದ ಮರುವರ್ಷ. ಎರಡರಲ್ಲೂ ಸತ್ತವರು ಅತಿ ಅಗ್ಗದ ಮದ್ಯವನ್ನು ಹುಡುಕಿ ಹೋದ ಬಡವರು.

ಕೊಲ್ಲುವುದು ಸಾಮಾನ್ಯವಾಗಿ ಕೈಗಾರಿಕೆಯ ದ್ರಾವಕವಾದ ಮೆಥನಾಲ್. ಬಣ್ಣ, ವಾಸನೆಗಳಿಂದ ಅದನ್ನು ಗುರುತಿಸಲಾಗುವುದಿಲ್ಲ. ದೇಹದಲ್ಲಿ ಅದು ಫಾರ್ಮಿಕ್ ಆಮ್ಲವಾಗಿ ಬದಲಾಗಿ ಮೊದಲು ಕಣ್ಣಿನ ನರವನ್ನು ಹಿಡಿಯುತ್ತದೆ. ಲಕ್ಷಣಗಳು ಹಲವು ತಾಸು ತಡವಾಗಿ, ಕೆಲವೊಮ್ಮೆ ಮರುದಿನ ಕಾಣಿಸುತ್ತವೆ. ಕಣ್ಣು ಮಂಜಾಗುವುದು, ಹೊಟ್ಟೆನೋವು, ಏದುಸಿರು ಕಂಡರೆ ಅಮಲು ಇಳಿಯಲಿ ಎಂದು ಮಲಗಿಸಬಾರದು, ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಇದಕ್ಕೆ ಮದ್ದು ಇದೆ, ಹೊತ್ತು ಮಾತ್ರ ಇರುವುದಿಲ್ಲ.

ಸಂವಿಧಾನದಲ್ಲೇ ಪಾನನಿಷೇಧ ಬರೆದಿದೆ, ಹಾಗಾದರೆ ದೇಶಕ್ಕೆಲ್ಲ ಯಾಕೆ ಇಲ್ಲ?

ನಲವತ್ತೇಳನೆಯ ಅನುಚ್ಛೇದ ಔಷಧದ ಬಳಕೆಯನ್ನು ಬಿಟ್ಟು ಮಾದಕ ಪಾನೀಯಗಳ ನಿಷೇಧಕ್ಕೆ ರಾಜ್ಯ ಪ್ರಯತ್ನಿಸಬೇಕೆನ್ನುತ್ತದೆ. ಅದು ನಿರ್ದೇಶಕ ತತ್ವ, ಅದನ್ನು ಜಾರಿಗೊಳಿಸಿ ಎಂದು ನ್ಯಾಯಾಲಯಕ್ಕೆ ಹೋಗಲಾಗುವುದಿಲ್ಲ. ಅದೇ ಸಂವಿಧಾನದ ಏಳನೆಯ ಅನುಸೂಚಿ ಮದ್ಯದ ಅಧಿಕಾರವನ್ನೂ ಅದರ ಸುಂಕವನ್ನೂ ರಾಜ್ಯಗಳ ಪಟ್ಟಿಯಲ್ಲಿ ಇಟ್ಟಿದೆ. ಒಂದು ಕೈ ಬೇಡ ಎನ್ನುತ್ತದೆ, ಇನ್ನೊಂದು ಕೈ ಚಾಚಿಕೊಂಡಿದೆ. 1977ರ ನಂತರ ಮೊರಾರ್ಜಿ ದೇಸಾಯಿಯವರು ಪ್ರಧಾನಿಯಾಗಿ ನಾಲ್ಕು ವರ್ಷಗಳಲ್ಲಿ ದೇಶವನ್ನೇ ಒಣಗಿಸುವ ಯೋಜನೆ ಹಾಕಿದರು, ಸರ್ಕಾರ ಅಷ್ಟು ಕಾಲ ಉಳಿಯಲಿಲ್ಲ. 2017ರಲ್ಲಿ ಜಿಎಸ್‌ಟಿ ಬಂದಾಗ ಕುಡಿಯುವ ಮದ್ಯವನ್ನು ಅದರ ಹೊರಗಿಟ್ಟರು. ಇದರಿಂದ ರಾಜ್ಯಗಳ ಕೈಯಲ್ಲಿ ತಮ್ಮ ಇಷ್ಟದಂತೆ ಏರಿಸಬಹುದಾದ ತೆರಿಗೆಗಳು ಬೆರಳೆಣಿಕೆಯಷ್ಟೇ ಉಳಿದವು, ಮದ್ಯದ ಸುಂಕ ಅವುಗಳಲ್ಲಿ ದೊಡ್ಡದು. ಹಾಗಾಗಿ ಇವತ್ತಿನ ಹಣಕಾಸು ಮಂತ್ರಿಗೆ ನಿಷೇಧ 1950ಕ್ಕಿಂತಲೂ ಕಷ್ಟದ ಮಾತು.

ಒಂದು ಕಡೆ ಮದ್ಯ ಮಾರಿ, ಇನ್ನೊಂದು ಕಡೆ ಸಂಯಮ ಮಂಡಳಿ ನಡೆಸುವುದು ನಾಟಕವಲ್ಲವೇ?

ಕರ್ನಾಟಕ ಮದ್ಯಪಾನ ಸಂಯಮ ಮಂಡಳಿಯ ಹೆಸರು ಹೇಳಿದೊಡನೆ ಸಭೆಯಲ್ಲಿ ನಗು ಏಳುತ್ತದೆ, ನಾನೂ ನಕ್ಕಿದ್ದೇನೆ. ಆದರೆ ಬಿಡಬೇಕೆನ್ನುವ ಮನುಷ್ಯನಿಗೆ ಸಹಾಯ ಎಲ್ಲಿಂದ ಬಂದರೂ ಅದು ಸಹಾಯವೇ. ಜಿಲ್ಲೆಯ ಹಳ್ಳಿಗಳಲ್ಲಿ ಹೆಚ್ಚು ಕಾಣುವುದು ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ಜೊತೆಗಿರುವ ಜನಜಾಗೃತಿ ವೇದಿಕೆಯ ಎಂಟು ದಿನಗಳ ಮದ್ಯವರ್ಜನ ಶಿಬಿರಗಳು. 1935ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಕುಡಿತವನ್ನು ಪಾಪವೆಂದು ನೋಡದೆ ಕಾಯಿಲೆಯೆಂದು ನೋಡುವುದನ್ನು ಸಾಮಾನ್ಯ ಜನರಿಗೆ ಕಲಿಸಿತು. ಒಂದು ಎಚ್ಚರ ಹೇಳಲೇಬೇಕು. ಬಹಳ ವರ್ಷ ದಿನವೂ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್, ಭ್ರಮೆ, ಜೀವಾಪಾಯವೂ ಆಗಬಹುದು. ಆಣೆ ಹಾಕಿಸಿ ಕೋಣೆಯಲ್ಲಿ ಕೂಡಿಹಾಕುವುದಕ್ಕೆ ಮೊದಲು ವೈದ್ಯರಿಗೆ ತೋರಿಸಬೇಕು.

ಕೊನೆಗೂ ನಿಷೇಧ ಗೆದ್ದಿತೋ ಸೋತಿತೋ?

ಯಾವ ಅಳತೆಗೋಲಿನಿಂದ ಎಂಬುದನ್ನು ಕೇಳಿದವರು ಹೇಳಬೇಕು. ಅಮೆರಿಕದ ನಿಷೇಧದ ಆರಂಭದ ವರ್ಷಗಳಲ್ಲಿ ಕುಡಿತ ಗಣನೀಯವಾಗಿ ಇಳಿದಿತ್ತು, ಯಕೃತ್ತಿನ ಸಿರೋಸಿಸ್ ಸಾವುಗಳು ಕಡಿಮೆಯಾಗಿದ್ದವು. ಅದೇ ವರ್ಷಗಳಲ್ಲಿ ಅಪರಾಧಿ ಗುಂಪುಗಳು ಶ್ರೀಮಂತವಾದವು. ಎರಡೂ ನಿಜ, ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿಡುವವರನ್ನು ನಂಬಬಾರದು. 2016ರ ಏಪ್ರಿಲಿನಿಂದ ಬಿಹಾರದಲ್ಲಿರುವ ನಿಷೇಧದ ಬಗ್ಗೆಯೂ ಮನೆಯಲ್ಲಿ ನೆಮ್ಮದಿ ಬಂತೆನ್ನುವ ಹೆಂಗಸರು ಇದ್ದಾರೆ, ಜಾಮೀನಿಗೆ ಅಲೆಯುವ ಬಡ ಕುಟುಂಬಗಳೂ ಇವೆ. ನನ್ನ ಮಟ್ಟಿಗೆ, ಅಂಗಡಿಯನ್ನು ದೂರ ತಳ್ಳಿದ ನೀತಿಗಳು ಕುಡಿಯುವವನನ್ನು ಜೈಲಿಗೆ ತಳ್ಳಿದ ನೀತಿಗಳಿಗಿಂತ ಮೇಲು.

ನಮ್ಮೂರಿಗೆ ಹೊಸ ಅಂಗಡಿ ಬರ್ತಾ ಇದೆ, ತಡೆಯಬಹುದೇ?

ಕೆಲವೊಮ್ಮೆ ತಡೆಯಬಹುದು. ಹೆದ್ದಾರಿಯ ಅಂಗಡಿಗಳ ಬಗ್ಗೆ ಸುಪ್ರೀಂ ಕೋರ್ಟು 2016ರ ಡಿಸೆಂಬರಿನಲ್ಲಿ 500 ಮೀಟರ್ ಅಂತರದ ಆದೇಶ ಕೊಟ್ಟಿತು, ಮರುವರ್ಷ ಸಣ್ಣ ಊರುಗಳಿಗೆ ಅದನ್ನು 220 ಮೀಟರಿಗೆ ಇಳಿಸಿತು, ಆಮೇಲೆ ಪುರಸಭೆಯ ವ್ಯಾಪ್ತಿಯ ಅಂಗಡಿಗಳಿಗೆ ಸಡಿಲಿಕೆ ಕೊಟ್ಟಿತು. ಒಂದು ಬದಿಗೆ ಸಮುದ್ರ, ಇನ್ನೊಂದು ಬದಿಗೆ ಗುಡ್ಡ, ನಡುವೆ ರಾಷ್ಟ್ರೀಯ ಹೆದ್ದಾರಿ 66 ಇರುವ ನಮ್ಮ ಊರುಗಳಲ್ಲಿ ಈ ಲೆಕ್ಕ ಬೇಗ ಮುಟ್ಟುತ್ತದೆ. ಶಾಂತಿಭಂಗದ ಭಯವಿದ್ದಾಗ ಅಂಗಡಿಗಳನ್ನು ತಾತ್ಕಾಲಿಕವಾಗಿ ಮುಚ್ಚಿಸುವ ಅಧಿಕಾರವನ್ನು ಅಬಕಾರಿ ಕಾಯಿದೆಯ 21ನೆಯ ಕಲಮು ಕೊಡುತ್ತದೆ. ಹೆಚ್ಚು ಉಪಯೋಗಕ್ಕೆ ಬರುವುದು 1967ರ ಸನ್ನದು (ಪರವಾನಗಿ) ನಿಯಮ. ಶಾಲೆ, ದೇವಸ್ಥಾನ, ಆಸ್ಪತ್ರೆಗಳಿಂದ 100 ಮೀಟರ್ ಒಳಗೆ ಅಂಗಡಿ ಇರಬಾರದು. ನಾನು ಓದಿಕೊಟ್ಟ ಒಂದು ಊರಿನ ತಕರಾರು ಅರ್ಜಿ ಬಿದ್ದುಹೋದದ್ದು ಅಳತೆಯ ತಪ್ಪಿನಿಂದ. ಊರವರು ಅಂಗಡಿಯಿಂದ ಶಾಲೆಯ ಗೋಡೆಗೆ ಗದ್ದೆಯ ಮೇಲೆ ನೇರವಾಗಿ ಹಗ್ಗ ಹಿಡಿದು 80 ಮೀಟರ್ ಎಂದು ಬರೆದಿದ್ದರು. ಅಳೆಯಬೇಕಾದದ್ದು ಅಂಗಡಿಯ ಬಾಗಿಲಿನಿಂದ ಶಾಲೆಯ ಗೇಟಿಗೆ ಜನ ಸಾಮಾನ್ಯವಾಗಿ ನಡೆದುಹೋಗುವ ದಾರಿಯನ್ನು. ಸಂಕ ದಾಟಿ ಸುತ್ತಿಕೊಂಡು ಹೋಗುವ ಆ ದಾರಿ ಅಳೆದಾಗ 100 ಮೀಟರಿಗಿಂತ ಹೆಚ್ಚಾಯಿತು. ಅರ್ಜಿ ಬರೆಯುವ ಮೊದಲು ಟೇಪು ಹಿಡಿದು ಆ ದಾರಿಯಲ್ಲಿ ನಡೆಯಿರಿ.